ಮಗಳಿಗೆ ಬೀದಿ ನಾಯಿ ಕಚ್ಚಿದೆ, ಬಳ್ಳಾರಿಯವರು ದಯವಿಟ್ಟು ಓದಿ

ಸತ್ಯನಾರಾಯಣಪೇಟೆಯ ಅಪ್ಪ (ಸೋಮವಾರ, ರಾತ್ರಿ 9:50)

ನಿನ್ನೆ ಸಂಜೆ ನನ್ನ ಮಗಳಿಗೆ ನಾಯಿ ಕಚ್ಚಿತು. ಅವಳಿಗೆ ಏಳು ವರ್ಷ, ಎರಡನೇ ಕ್ಲಾಸು. ನಮ್ಮ ಗಲ್ಲಿಯ ಕೊನೆಗೆ ಬಹಳ ದಿನದಿಂದ ಮುಚ್ಚಿರುವ ಒಂದು ಗೋಡೌನ್ ಇದೆ. ಅದರ ಕಟ್ಟೆ ಕೆಳಗೆ ಕಂದು ಬಣ್ಣದ ನಾಯಿಯೊಂದು ಮರಿ ಹಾಕಿದೆ. ಮರಿ ನೋಡುವ ಆಸೆಗೆ ಇವಳು ಕೈಯಲ್ಲಿ ಬಿಸ್ಕತ್ತು ಹಿಡಿದು ಹೋಗಿದ್ದಾಳೆ. ಕೈ ಚಾಚಿದ್ದೇ ತಡ, ತಾಯಿ ನಾಯಿ ಹಿಂದಿನಿಂದ ಬಂದು ಬಲಗೈ ಹಿಡಿದಿದೆ. ಎರಡು ಹಲ್ಲು ಚೆನ್ನಾಗಿ ಇಳಿದಿವೆ. ರಕ್ತ ಬಂದಿದೆ.

ನಾನು ಅಂಗಡಿಯಲ್ಲಿದ್ದೆ. ಮನೆಯಲ್ಲಿ ನಮ್ಮ ಅವ್ವ ಇದ್ದರು. ಅವರಿಗೆ ತಿಳಿದಿದ್ದನ್ನು ಅವರು ಮಾಡಿದರು. ಸುಣ್ಣ, ಅರಿಶಿನ ಮೆತ್ತಿ ಬಟ್ಟೆ ಕಟ್ಟಿದರು. ನಾನು ಬಂದಾಗ ಎಂಟು ಗಂಟೆ ದಾಟಿತ್ತು, ಮಗು ಮಲಗಿತ್ತು. ಗಾಯ ಸಣ್ಣದಿದೆ, ಬೆಳಿಗ್ಗೆ ನೋಡೋಣ ಅಂದುಕೊಂಡು ನಾನೂ ಮಲಗಿದೆ. ಅವ್ವನದು ತಪ್ಪಲ್ಲ, ಓದು ಬಲ್ಲ ನಾನೇ ಹಾಗೆ ಮಲಗಿದೆನಲ್ಲ, ಅದು ಇವತ್ತು ಇಡೀ ದಿನ ಕೊರೆಯುತ್ತಿದೆ.

ಬೆಳಿಗ್ಗೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆವು. ತೋಳಿಗೆ ಒಂದು ಇಂಜೆಕ್ಷನ್ ಕೊಟ್ಟು, ಗುರುವಾರ ಬನ್ನಿ ಅಂದರು. ಇಷ್ಟೇ ಸಾಕಾ? ಯಾರಿಗಾದರೂ ಸರಿಯಾಗಿ ಗೊತ್ತಿದ್ದರೆ ಹೇಳಿ.

ಇನ್ನೊಂದು ಮಾತು. ಇವತ್ತು ಕ್ಲಿನಿಕ್‌ನಿಂದ ಬರುವಾಗ ಮುಖ್ಯ ರಸ್ತೆಯಿಂದ ನಮ್ಮ ಮನೆಯವರೆಗೆ ನಾಯಿ ಎಣಿಸಿದೆ. ಹತ್ತೊಂಬತ್ತು. ಐದು ನಿಮಿಷದ ದಾರಿ ಅದು. ಮಗಳು ದಿನಾ ಅದೇ ದಾರಿಯಲ್ಲಿ ಶಾಲೆಗೆ ಹೋಗುತ್ತಾಳೆ. ಇದಕ್ಕೆ ಏನಾದರೂ ದಾರಿ ಇದೆಯಾ?

ಪಾರ್ವತಿನಗರ ನಿವಾಸಿ (ಸೋಮವಾರ, ರಾತ್ರಿ 10:05)

ಮಗು ಹುಷಾರಾಗಲಿ ಅಣ್ಣ. ನಮ್ಮ ಕಡೆಯೂ ಇದೇ ಕಥೆ. ಬೆಳಗಿನ ವಾಕಿಂಗ್ ಬಿಟ್ಟು ಆರು ತಿಂಗಳಾಯಿತು.

ಇಂಜೆಕ್ಷನ್ ರೂಮಿನ ಸಿಸ್ಟರ್ (ಸೋಮವಾರ, ರಾತ್ರಿ 10:20)

ಅಣ್ಣ, ಮೊದಲು ಒಂದು ಕೇಳುತ್ತೇನೆ. ಗಾಯದ ಸುತ್ತಲೂ, ಗಾಯದ ಒಳಗೂ ಇಂಜೆಕ್ಷನ್ ಕೊಟ್ಟರಾ? ಅಥವಾ ತೋಳಿಗೆ ಮಾತ್ರವಾ? ಗಾಯವನ್ನು ಸೋಪು ಹಾಕಿ ತೊಳೆದರಾ?

ಸತ್ಯನಾರಾಯಣಪೇಟೆಯ ಅಪ್ಪ (ಸೋಮವಾರ, ರಾತ್ರಿ 10:24)

ತೋಳಿಗೆ ಮಾತ್ರ ಸಿಸ್ಟರ್. ಗಾಯವನ್ನು ಹತ್ತಿಯಿಂದ ಒರೆಸಿ ಮುಲಾಮು ಹಚ್ಚಿದರು. ಸೋಪು ಹಾಕಲಿಲ್ಲ.

ಇಂಜೆಕ್ಷನ್ ರೂಮಿನ ಸಿಸ್ಟರ್ (ಸೋಮವಾರ, ರಾತ್ರಿ 10:41)

ಹಾಗಾದರೆ ಈಗಲೇ ಮಗುವನ್ನು ಎಬ್ಬಿಸಿ. ನಲ್ಲಿ ಬಿಟ್ಟು, ಬಟ್ಟೆ ಸೋಪಾದರೂ ಸರಿ, ಹದಿನೈದು ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ. ರೇಬೀಸ್ ವೈರಸ್ಸಿನ ಮೇಲೆ ಕೊಬ್ಬಿನ ಪೊರೆ ಇರುತ್ತದೆ. ಸೋಪು ಆ ಪೊರೆಯನ್ನು ಒಡೆಯುತ್ತದೆ. ತಡವಾಗಿದೆ ಅಂತ ಬಿಡಬೇಡಿ. ಸುಣ್ಣ, ಅರಿಶಿನ, ಖಾರದ ಪುಡಿ, ಕಾಫಿ ಪುಡಿ ಯಾವುದೂ ಬೇಡ. ಬಿಗಿಯಾಗಿ ಬಟ್ಟೆಯನ್ನೂ ಕಟ್ಟಬೇಡಿ.

ಇನ್ನು ಇಂಜೆಕ್ಷನ್ ವಿಷಯ. ಹಲ್ಲು ಇಳಿದು ರಕ್ತ ಬಂದಿದೆ ಅಂದರೆ ಅದು ಮೂರನೇ ದರ್ಜೆಯ ಗಾಯ, ಅಂದರೆ ಎಲ್ಲಕ್ಕಿಂತ ಗಂಭೀರದ್ದು. ಅದಕ್ಕೆ ಲಸಿಕೆ ಒಂದೇ ಸಾಲದು. ಇಮ್ಯುನೊಗ್ಲಾಬ್ಯುಲಿನ್ ಅಂತ ಇದೆ, ನಾವು ಸೀರಮ್ ಅಂತೀವಿ. ಅದನ್ನು ಗಾಯದ ಒಳಗೆ, ಸುತ್ತಲೂ ಕೊಡಬೇಕು. ಯಾಕೆಂದರೆ ಲಸಿಕೆ ಹಾಕಿದ ಮೇಲೆ ಮೈಯಲ್ಲಿ ಶಕ್ತಿ ಹುಟ್ಟಲು ಒಂದೆರಡು ವಾರ ಬೇಕು. ಅಷ್ಟು ದಿನ ಕಾಪಾಡುವುದು ಈ ಸೀರಮ್. ವೈರಸ್ಸು ರಕ್ತದಲ್ಲಿ ಓಡಾಡುವುದಿಲ್ಲ. ಕಚ್ಚಿದ ಜಾಗದಿಂದ ನರ ಹಿಡಿದು ನಿಧಾನವಾಗಿ ಮಿದುಳಿಗೆ ಹೋಗುತ್ತದೆ. ಕೈಯಲ್ಲಿ, ಮುಖದಲ್ಲಿ ನರ ಜಾಸ್ತಿ. ಅದಕ್ಕೇ ಕೈಗೆ ಕಚ್ಚಿದ್ದನ್ನು ಸಣ್ಣದು ಅನ್ನಬಾರದು.

ಗಾಬರಿ ಬೇಡ. ಮೊದಲ ಲಸಿಕೆ ಹಾಕಿದ ದಿನದಿಂದ ಏಳು ದಿನದೊಳಗೆ ಸೀರಮ್ ಕೊಡಬಹುದು. ಆದರೆ ಏಳು ದಿನ ಕಾಯಬೇಡಿ, ನಾಳೆ ಬೆಳಿಗ್ಗೆಯೇ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಿ. ಉಚಿತವಾಗಿ ಕೊಡುತ್ತಾರೆ. "ಮೂರನೇ ದರ್ಜೆ, ಸೀರಮ್ ಆಗಿಲ್ಲ" ಅಂತ ಬಾಯಿಬಿಟ್ಟು ಹೇಳಿ. ಮಗುವಿನ ತೂಕ ನೋಡಿ ಪ್ರಮಾಣ ಹಾಕುತ್ತಾರೆ.

ಸತ್ಯನಾರಾಯಣಪೇಟೆಯ ಅಪ್ಪ (ಸೋಮವಾರ, ರಾತ್ರಿ 11:15)

ತೊಳೆದೆವು. ಇಪ್ಪತ್ತು ನಿಮಿಷ ತೊಳೆದೆವು. ಅಳುತ್ತಾ ತೊಳೆಸಿಕೊಂಡಳು. ನಾಳೆ ಏಳು ಗಂಟೆಗೇ ಹೊರಡುತ್ತೇನೆ. ನಿಮ್ಮ ಉಪಕಾರ ಮರೆಯುವುದಿಲ್ಲ ಸಿಸ್ಟರ್.

ಜೀನ್ಸ್ ಹೊಲಿಗೆಯವನು (ಸೋಮವಾರ, ರಾತ್ರಿ 11:58)

ನಾನು ಈಗಷ್ಟೇ ಯೂನಿಟ್‌ನಿಂದ ಬಂದೆ. ದಿನಾ ಇದೇ ಹೊತ್ತು. ಹೋದ ವರ್ಷ ಇದೇ ಹೊತ್ತಲ್ಲಿ ಏಳೆಂಟು ನಾಯಿ ಅಟ್ಟಿಸಿಕೊಂಡು ಬಂದವು. ಗಾಡಿ ಜೋರು ಮಾಡಿದೆ, ಮರಳಿನ ಮೇಲೆ ಜಾರಿ ಬಿದ್ದೆ. ಭುಜದ ಮೂಳೆ ಮುರಿಯಿತು. ಹೊಲಿಗೆಯವನ ಭುಜ ಹೋದರೆ ಮನೆಗೆ ಏನು ಬರುತ್ತದೆ ಹೇಳಿ? ಎರಡು ತಿಂಗಳು ಕೂತು ಉಂಡೆ, ಸಾಲ ಇನ್ನೂ ತೀರಿಲ್ಲ. ನಮ್ಮ ಊರಲ್ಲಿ ಜೀನ್ಸ್ ನಂಬಿ ಬದುಕುವವರು ಸಾವಿರಾರು ಜನ. ಎಲ್ಲರೂ ಹೊತ್ತಲ್ಲದ ಹೊತ್ತಲ್ಲಿ ಓಡಾಡುವವರೇ.

ನನ್ನ ಮಾತು ಒಂದೇ. ಎಲ್ಲಾ ನಾಯಿ ಹಿಡಿದು ಲಾರಿಗೆ ತುಂಬಿ ಊರಿಂದ ಐವತ್ತು ಕಿಲೋಮೀಟರ್ ಆಚೆ ಬಿಡಬೇಕು. ಅಲ್ಲಿಗೆ ಮುಗಿಯಿತು.

ಸಿರುಗುಪ್ಪ ರಸ್ತೆಯ ಕುರಿಗಾರ (ಮಂಗಳವಾರ, ಬೆಳಿಗ್ಗೆ 6:10)

ಅಣ್ಣ, ನಿಮ್ಮ ಭುಜದ ನೋವು ಅರ್ಥ ಆಗುತ್ತದೆ. ಆದರೆ ಆ ಐವತ್ತು ಕಿಲೋಮೀಟರ್ ಆಚೆ ಇರುವವರು ನಾವು.

ಎರಡು ವರ್ಷದ ಹಿಂದೆ ಯಾರೋ ರಾತ್ರಿ ಹೊತ್ತು ನಮ್ಮೂರ ಕಾಲುವೆ ದಂಡೆಯಲ್ಲಿ ನಾಯಿಗಳನ್ನು ಇಳಿಸಿ ಹೋದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಬೆಳಿಗ್ಗೆ ನೋಡಿದರೆ ಹದಿನೈದಕ್ಕೂ ಜಾಸ್ತಿ. ಅವು ಪೇಟೆ ನಾಯಿ, ತಿಪ್ಪೆಯಲ್ಲಿ ಹುಡುಕಿ ತಿಂದು ಬೆಳೆದವು. ಹಳ್ಳಿಯಲ್ಲಿ ಅಷ್ಟು ಕಸ ಎಲ್ಲಿದೆ? ನಾಲ್ಕನೇ ದಿನ ಹಟ್ಟಿಗೆ ನುಗ್ಗಿದವು. ಆರು ಮರಿ, ಒಂದು ಗಬ್ಬದ ಕುರಿ. ಗಂಟಲು ಹರಿದು ಹಾಕಿದ್ದವು. ನಮ್ಮ ಅಪ್ಪ ಅವತ್ತು ಊಟ ಮಾಡಲಿಲ್ಲ. ಊರವರು ಮಕ್ಕಳನ್ನು ಬಯಲಿಗೆ ಬಿಡುವುದಕ್ಕೂ ಹೆದರಿದರು.

ಊರಾಚೆ ಅಂದರೆ ಅಲ್ಲಿ ಯಾರೂ ಇಲ್ಲ ಅಂತ ಪೇಟೆಯವರು ತಿಳಿದಿರುತ್ತೀರಿ. ನಾವು ಇದ್ದೇವೆ.

ಜೀನ್ಸ್ ಹೊಲಿಗೆಯವನು (ಮಂಗಳವಾರ, ಮಧ್ಯಾಹ್ನ 1:30)

ಇದು ನನಗೆ ಹೊಳೆದಿರಲಿಲ್ಲ. ತಪ್ಪು ತಿಳಿಯಬೇಡಿ ತಮ್ಮಾ. ಆದರೆ ನಮ್ಮ ಗತಿ ಏನು? ಅದನ್ನೂ ಯಾರಾದರೂ ಹೇಳಬೇಕಲ್ಲ.

ನಿವೃತ್ತ ಪಶು ವೈದ್ಯ (ಮಂಗಳವಾರ, ಮಧ್ಯಾಹ್ನ 3:05)

ನಾನು ಈ ಜಿಲ್ಲೆಯಲ್ಲೇ ಮೂವತ್ತು ವರ್ಷ ಕೆಲಸ ಮಾಡಿದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಒಂದು ಬೀದಿಯಲ್ಲಿ ಎಷ್ಟು ನಾಯಿ ಇರುತ್ತವೆ ಅನ್ನುವುದನ್ನು ಆ ಬೀದಿಯ ಅನ್ನ ತೀರ್ಮಾನಿಸುತ್ತದೆ. ಹತ್ತು ನಾಯಿಗೆ ಆಗುವಷ್ಟು ಎಂಜಲು, ಮಾಂಸದ ಚೂರು ಬೀಳುತ್ತಿದ್ದರೆ ಹತ್ತು ನಾಯಿ ಇದ್ದೇ ಇರುತ್ತವೆ. ನೀವು ಹತ್ತನ್ನೂ ಎತ್ತಿಕೊಂಡು ಹೋದರೆ ಪಕ್ಕದ ಬೀದಿಯಿಂದ ಬೇರೆ ಹತ್ತು ಬರುತ್ತವೆ. ಬಂದವು ಲಸಿಕೆ ಕಾಣದವು, ಜನರ ಪರಿಚಯ ಇಲ್ಲದವು. ಜಾಗಕ್ಕೆ ಕಚ್ಚಾಡುತ್ತವೆ. ಹೆಣ್ಣು ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಎರಡು ತಿಂಗಳಿಗೆ ಮರಿ ಹಾಕುತ್ತದೆ, ಒಂದು ಸಲಕ್ಕೆ ನಾಲ್ಕರಿಂದ ಆರು. ಹಿಡಿದು ಊರಾಚೆ ಬಿಡುವ ಕೆಲಸ ಈ ಲೆಕ್ಕದ ಮುಂದೆ ಯಾವತ್ತೂ ಗೆಲ್ಲುವುದಿಲ್ಲ. ಕೊಲ್ಲುವುದೂ ಅಷ್ಟೇ. ಹಳೇ ಕಾಲದಲ್ಲಿ ಊರೂರಲ್ಲಿ ವಿಷ ಹಾಕಿ ಕೊಲ್ಲುತ್ತಿದ್ದರು. ನಾಯಿ ಕಡಿಮೆ ಆಯಿತಾ? ಇಲ್ಲ.

ಅದಕ್ಕೇ 2001ರಲ್ಲಿ ಎಬಿಸಿ, ಅಂದರೆ ಪ್ರಾಣಿಗಳ ಸಂತಾನ ನಿಯಂತ್ರಣದ ನಿಯಮ ಬಂತು. ಈಗ ಅದರ ಜಾಗದಲ್ಲಿ 2023ರ ನಿಯಮ ಇದೆ. ನಾಯಿಯನ್ನು ಹಿಡಿಯಬೇಕು, ಮರಿ ಆಗದಂತೆ ಆಪರೇಷನ್ ಮಾಡಬೇಕು, ರೇಬೀಸ್ ಲಸಿಕೆ ಹಾಕಬೇಕು, ಗುರುತಿಗೆ ಕಿವಿ ಸ್ವಲ್ಪ ಕತ್ತರಿಸಬೇಕು, ಹಿಡಿದ ಜಾಗದಲ್ಲೇ ವಾಪಸ್ ಬಿಡಬೇಕು. ಮಾಡಿಸುವ ಹೊಣೆ ನಗರ ಸ್ಥಳೀಯ ಸಂಸ್ಥೆಯದು. ನಿಮ್ಮ ಬೀದಿಯಲ್ಲಿ ಕಿವಿ ಕತ್ತರಿಸಿದ ನಾಯಿ ಎಷ್ಟಿವೆ, ಕತ್ತರಿಸದ್ದು ಎಷ್ಟಿವೆ ನೋಡಿ. ಅಷ್ಟು ನೋಡಿದರೆ ಕೆಲಸ ಎಷ್ಟು ಬಾಕಿ ಇದೆ ಅಂತ ಯಾರನ್ನೂ ಕೇಳದೆ ಗೊತ್ತಾಗುತ್ತದೆ.

ಫಲ ಸಿಗುತ್ತದಾ ಅಂತ ಕೇಳಬಹುದು. ಬೆಂಗಳೂರಿನ ಲೆಕ್ಕ ನೋಡಿ. 2019ರ ಎಣಿಕೆಯಲ್ಲಿ ಸುಮಾರು 3.10 ಲಕ್ಷ ಬೀದಿ ನಾಯಿ. 2023ರಲ್ಲಿ ಸುಮಾರು 2.79 ಲಕ್ಷ. ಅಷ್ಟು ದೊಡ್ಡ ಊರಿನಲ್ಲಿ ಸಂಖ್ಯೆ ಏರದೆ ಇಳಿದಿದ್ದೇ ದೊಡ್ಡದು. ಆದರೆ ಒಂದು ವಾರ್ಡಿನಲ್ಲಿ ಮಾಡಿ ಪಕ್ಕದ ವಾರ್ಡು ಬಿಟ್ಟರೆ ದುಡ್ಡು ನೀರಿಗೆ ಹಾಕಿದ ಹಾಗೆ. ಬಳ್ಳಾರಿಯ ಜನಸಂಖ್ಯೆ 2011ರಲ್ಲೇ ನಾಲ್ಕು ಲಕ್ಷ ದಾಟಿತ್ತು. ಇದು ಸಣ್ಣ ಊರಲ್ಲ. ಒಂದು ಕಡೆಯಿಂದ ಶುರು ಮಾಡಿ ಬಿಡದೆ ಮುಗಿಸುತ್ತಾ ಬರಬೇಕು.

ಇನ್ನು ರೇಬೀಸ್. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೋಗ ಹರಡುವುದು ನಿಲ್ಲುತ್ತದೆ. ಗೋವಾದವರು ಬೀದಿ ಬೀದಿ ತಿರುಗಿ, ಬಲೆ ಹಾಕಿ ಹಿಡಿದು, ಅಲ್ಲೇ ಲಸಿಕೆ ಹಾಕಿ ಬಿಟ್ಟರು. ವರ್ಷಗಟ್ಟಲೆ ಬಿಡದೆ ಮಾಡಿದರು. 2021ರಲ್ಲಿ ಆ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶ ಅಂತ ಘೋಷಿಸಿದರು. ಪಕ್ಕದ ರಾಜ್ಯ ಅದು, ದೂರ ಏನಿಲ್ಲ.

ಜೀನ್ಸ್ ಹೊಲಿಗೆಯವನು (ಮಂಗಳವಾರ, ಮಧ್ಯಾಹ್ನ 3:40)

ಡಾಕ್ಟ್ರೇ, ಸುಪ್ರೀಂ ಕೋರ್ಟ್ ನಾಯಿಗಳನ್ನು ತೆಗೆಯಿರಿ ಅಂದಿದೆ ಅಂತ ಟೀವಿಯಲ್ಲಿ ನೋಡಿದೆ. ಅದು ಸುಳ್ಳಾ?

ನಿವೃತ್ತ ಪಶು ವೈದ್ಯ (ಮಂಗಳವಾರ, ಸಂಜೆ 4:20)

ಸುಳ್ಳಲ್ಲ, ಆದರೆ ಅರ್ಧ. 2025ರ ಆಗಸ್ಟ್ 11ರಂದು ದೆಹಲಿ ಸುತ್ತಮುತ್ತಲಿನ ಬೀದಿ ನಾಯಿಗಳನ್ನೆಲ್ಲ ಹಿಡಿದು ಆಶ್ರಯ ಕೇಂದ್ರದಲ್ಲಿ ಇಡಿ ಅಂದರು. ಆಗಸ್ಟ್ 22ಕ್ಕೆ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಆಪರೇಷನ್, ಲಸಿಕೆ ಆದ ನಾಯಿಯನ್ನು ಅದೇ ಜಾಗಕ್ಕೆ ಬಿಡಬಹುದು, ರೇಬೀಸ್ ಇರುವುದನ್ನು ಮತ್ತು ಮೈಮೇಲೆ ಬೀಳುವುದನ್ನು ಬಿಡಬಾರದು. ಕಂಡಕಂಡಲ್ಲಿ ಊಟ ಹಾಕಬಾರದು, ಅದಕ್ಕೆ ಬೇರೆ ಜಾಗ ಗುರುತಿಸಬೇಕು. ನವೆಂಬರ್ 7ರಂದು ಇನ್ನೊಂದು ಆದೇಶ ಬಂತು. ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆಯಬೇಕು, ಮತ್ತೆ ಅಲ್ಲಿಗೇ ಬಿಡಬಾರದು. ಬೇಲಿ, ಗೇಟು ಭದ್ರ ಮಾಡಬೇಕು.

ನಿಮ್ಮ ರಾತ್ರಿ ರಸ್ತೆಗೆ ಬರೋಣ. ಅಟ್ಟಿಸಿಕೊಂಡು ಬಂದಾಗ ಗಾಡಿ ಜೋರು ಮಾಡಿದರೆ ಅವು ಇನ್ನೂ ಜೋರು ಮಾಡುತ್ತವೆ. ಓಡುವುದನ್ನು ಓಡಿಸುವುದು ಅವುಗಳ ಹುಟ್ಟುಗುಣ. ನಿಧಾನ ಮಾಡಿ, ಬೇಕಾದರೆ ನಿಲ್ಲಿಸಿಬಿಡಿ. ಬಹಳ ಸಲ ಅಷ್ಟಕ್ಕೇ ಅವು ನಿಂತುಬಿಡುತ್ತವೆ. ಮತ್ತೆ ನೋಡಿ, ಅಷ್ಟೊಂದು ನಾಯಿ ಒಂದೇ ಕಡೆ ಸೇರುವ ಜಾಗದ ಹತ್ತಿರ ಏನೋ ಒಂದು ಇದ್ದೇ ಇರುತ್ತದೆ. ಏನು ಅಂತ ನೋಡಿದ್ದೀರಾ?

ಜೀನ್ಸ್ ಹೊಲಿಗೆಯವನು (ಮಂಗಳವಾರ, ಸಂಜೆ 4:31)

ಕೋಳಿ ಅಂಗಡಿ ಸಾಲು ಇದೆ. ಹಿಂದೆ ಚರಂಡಿ.

ಕೋಳಿ ಅಂಗಡಿಯವನು (ಮಂಗಳವಾರ, ರಾತ್ರಿ 8:45)

ಹೆಸರು ಹೇಳದೆ ಬರೆಯುತ್ತೇನೆ. ನಮ್ಮ ಸಾಲಿನಲ್ಲಿ ಐದು ಅಂಗಡಿ. ಭಾನುವಾರ ಒಂದೇ ದಿನ ನನ್ನ ಅಂಗಡಿಯಲ್ಲಿ ಮೂರು ಬುಟ್ಟಿ ತ್ಯಾಜ್ಯ ಆಗುತ್ತದೆ. ಪುಕ್ಕ, ಕರುಳು, ಕಾಲು. ಬೆಳಿಗ್ಗೆ ಬರುವ ಕಸದ ಗಾಡಿ ಹೋದ ಮೇಲೆ ಇದು ಶುರುವಾಗುತ್ತದೆ. ನಮ್ಮ ಬೇಸಿಗೆ ನಿಮಗೆ ಗೊತ್ತು, ಮಧ್ಯಾಹ್ನಕ್ಕೇ ನಾರುತ್ತದೆ. ಹಿಂದಿನ ಚರಂಡಿಗೆ ಸುರಿಯುವುದು ಐದೂ ಅಂಗಡಿಯವರಿಗೆ ಅಭ್ಯಾಸವಾಗಿದೆ. ನಾನೂ ಸುರಿದಿದ್ದೇನೆ. ಮಗುವಿನ ವಿಷಯ ಓದಿ ಮನಸ್ಸಿಗೆ ಕಷ್ಟವಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಹಂದಿ ಸಾಕುವವರು ಒಬ್ಬರು ರಾತ್ರಿ ಒಯ್ಯುತ್ತೇನೆ ಅಂತ ಹಿಂದೆ ಹೇಳಿದ್ದರು. ಮುಚ್ಚಳದ ಡ್ರಮ್ಮು ಬೇಕು ಅಂದಿದ್ದಕ್ಕೆ ನಾವು ಯಾರೂ ದುಡ್ಡು ಹಾಕಲಿಲ್ಲ. ನಾಳೆ ಉಳಿದ ನಾಲ್ವರ ಹತ್ತಿರ ಮಾತಾಡುತ್ತೇನೆ.

ನಿವೃತ್ತ ಪಶು ವೈದ್ಯ (ಮಂಗಳವಾರ, ರಾತ್ರಿ 9:02)

ಹೀಗೆ ಮುಂದೆ ಬಂದು ಹೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಹಂದಿಗೆ ಹಾಕುವುದಾದರೆ ಚೆನ್ನಾಗಿ ಬೇಯಿಸಿ ಹಾಕಬೇಕು ಅಂತ ಅವರಿಗೆ ಹೇಳಿ. ಹಸಿ ಹಾಕಿದರೆ ಹಂದಿಗೆ ರೋಗ ತಗಲುತ್ತದೆ.

ಸತ್ಯನಾರಾಯಣಪೇಟೆಯ ಅಪ್ಪ (ಮಂಗಳವಾರ, ರಾತ್ರಿ 9:30)

ಸೀರಮ್ ಆಯಿತು. ಗಾಯದ ಸುತ್ತ ಏಳೆಂಟು ಕಡೆ ಚುಚ್ಚಿದರು. ನನ್ನ ಕೈ ಬೆರಳು ಹಿಡಿದುಕೊಂಡೇ ಇದ್ದಳು. ಇನ್ನುಳಿದ ಲಸಿಕೆ ಹೇಗೆ ಸಿಸ್ಟರ್?

ಇಂಜೆಕ್ಷನ್ ರೂಮಿನ ಸಿಸ್ಟರ್ (ಮಂಗಳವಾರ, ರಾತ್ರಿ 9:48)

ದೊಡ್ಡ ಕೆಲಸ ಮುಗಿಯಿತು ಅಣ್ಣ. ಕ್ಲಿನಿಕ್‌ನಲ್ಲಿ ಸ್ನಾಯುವಿಗೆ ಕೊಟ್ಟಿದ್ದಾರೆ. ಆ ಕ್ರಮದಲ್ಲಿ ಐದು ಸಲ: 0, 3, 7, 14, 28. ಮೊದಲ ಲಸಿಕೆಯ ದಿನವೇ 0, ಅಂದರೆ ಸೋಮವಾರ. ಹಾಗಾಗಿ ಈ ಗುರುವಾರ, ಆಮೇಲೆ ಮುಂದಿನ ಎರಡು ಸೋಮವಾರ, ನಡುವೆ ಒಂದು ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಕೊನೆಯದು. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಎರಡೂ ತೋಳಿಗೆ ಸ್ವಲ್ಪ ಸ್ವಲ್ಪ ಕೊಡುತ್ತಾರೆ, ಅದು ನಾಲ್ಕು ಸಲ: 0, 3, 7, 28. ಎರಡೂ ಸರಿಯೇ. ಹೊಟ್ಟೆಗೆ ಹದಿನಾಲ್ಕು ಚುಚ್ಚುವುದು ಹಳೇ ಕಥೆ, ನಮ್ಮ ದೇಶದಲ್ಲಿ ಅದು ನಿಂತು ಇಪ್ಪತ್ತು ವರ್ಷವಾಯಿತು. ಆ ಹೆದರಿಕೆಗೇ ಇವತ್ತಿಗೂ ಕೆಲವರು ಆಸ್ಪತ್ರೆಗೆ ಬರುವುದಿಲ್ಲ.

ನಮ್ಮಲ್ಲಿ ಮೊದಲ ಎರಡಕ್ಕೆ ಎಲ್ಲರೂ ಬರುತ್ತಾರೆ. ಕೊನೆಯದಕ್ಕೆ ಬರುವವರು ಕಡಿಮೆ. ಗಾಯ ಒಣಗಿತು, ಇನ್ನೇನು ಅಂತ. ಕ್ಯಾಲೆಂಡರ್ ಮೇಲೆ ಬರೆದಿಡಿ.

ಅನ್ನ ಹಾಕುವ ಅಕ್ಕ (ಬುಧವಾರ, ಬೆಳಿಗ್ಗೆ 10:15)

ನಿನ್ನೆ ರಾತ್ರಿಯಿಂದ ಇದನ್ನು ಓದುತ್ತಾ ಕೂತಿದ್ದೇನೆ. ಬರೆಯಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ಗೋಡೌನ್ ಕಟ್ಟೆ ಕೆಳಗಿನ ಕಂದು ನಾಯಿಗೆ ದಿನಾ ಅನ್ನ ಹಾಕುವವಳು ನಾನೇ. ಅದಕ್ಕೆ ಐದು ಮರಿ. ಹುಟ್ಟಿ ಹದಿಮೂರು ದಿನ.

ಮಗುವಿಗೆ ಹೀಗಾಯಿತು ಅಂತ ನನಗೆ ಗೊತ್ತೇ ಇರಲಿಲ್ಲ ಅಣ್ಣಾ. ಗೊತ್ತಾದ ಮೇಲೆ ಹೊಟ್ಟೆ ಕಿವುಚಿದಂತಾಯಿತು.

ಪಾರ್ವತಿನಗರ ನಿವಾಸಿ (ಬುಧವಾರ, ಬೆಳಿಗ್ಗೆ 10:30)

ನಿಮ್ಮಂಥವರಿಂದಲೇ ಇದೆಲ್ಲಾ. ಅಷ್ಟು ಪ್ರೀತಿ ಇದ್ದರೆ ಮನೆಗೆ ಕರೆದುಕೊಂಡು ಹೋಗಿ ಸಾಕಿ. ಬೀದಿಯಲ್ಲಿ ಅನ್ನ ಹಾಕಿ ಪುಣ್ಯ ನೀವು ಕಟ್ಟಿಕೊಳ್ಳುತ್ತೀರಿ, ಕಚ್ಚಿಸಿಕೊಳ್ಳುವುದು ನಮ್ಮ ಮಕ್ಕಳು.

ಸತ್ಯನಾರಾಯಣಪೇಟೆಯ ಅಪ್ಪ (ಬುಧವಾರ, ಬೆಳಿಗ್ಗೆ 11:20)

ಅಕ್ಕಾ, ನಿಜ ಹೇಳುತ್ತೇನೆ. ನಿಮ್ಮ ಮಾತು ಓದಿದಾಗ ಮೈ ಉರಿಯಿತು. ನಾನೂ ಕೆಟ್ಟದಾಗಿ ಬರೆದಿದ್ದೆ, ಅಳಿಸಿದೆ. ಒಂದೇ ಪ್ರಶ್ನೆ. ಆ ನಾಯಿಗೆ ಲಸಿಕೆ ಆಗಿದೆಯಾ?

ಅನ್ನ ಹಾಕುವ ಅಕ್ಕ (ಬುಧವಾರ, ಬೆಳಿಗ್ಗೆ 11:34)

ಇಲ್ಲ. ಬೈದರೆ ಬೈಸಿಕೊಳ್ಳುತ್ತೇನೆ. ಹೋದ ವರ್ಷ ಬೇರೆ ಮೂರು ನಾಯಿಗೆ ನನ್ನ ದುಡ್ಡಿನಲ್ಲಿ ಹಾಕಿಸಿದೆ, ಇದು ಆಗ ಇರಲಿಲ್ಲ. ಬಂದ ಮೇಲೆ ಹಾಕಿಸಬೇಕಿತ್ತು, ಹಾಕಿಸಲಿಲ್ಲ.

ಇಂಜೆಕ್ಷನ್ ರೂಮಿನ ಸಿಸ್ಟರ್ (ಬುಧವಾರ, ಮಧ್ಯಾಹ್ನ 2:10)

ಅಕ್ಕಾ, ನೀವು ಬರೆದಿದ್ದು ಒಳ್ಳೆಯದಾಯಿತು. ಈಗ ಒಂದು ಕೆಲಸ ನಿಮ್ಮಿಂದ ಮಾತ್ರ ಆಗುತ್ತದೆ. ಕಚ್ಚಿದ ನಾಯಿ ಹತ್ತು ದಿನ ಆದ ಮೇಲೂ ಆರೋಗ್ಯವಾಗಿ ಇದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಅಂತ ಅರ್ಥ. ನಮ್ಮಲ್ಲಿಗೆ ಬರುವ ಹತ್ತರಲ್ಲಿ ಎಂಟು ಜನಕ್ಕೆ ಯಾವ ನಾಯಿ ಕಚ್ಚಿತು ಅಂತಲೇ ಗೊತ್ತಿರುವುದಿಲ್ಲ. ಇಲ್ಲಿ ಗೊತ್ತಿದೆ. ದಿನಾ ನೋಡಿ. ಊಟ ಮಾಡುತ್ತಿದೆಯಾ, ದನಿ ಬದಲಾಗಿದೆಯಾ, ಜೊಲ್ಲು ಸುರಿಯುತ್ತಿದೆಯಾ, ಹಿಂದಿನ ಕಾಲು ಎಳೆಯುತ್ತಿದೆಯಾ. ಸಂಶಯ ಬಂದರೆ ಹತ್ತಿರ ಹೋಗಬೇಡಿ, ಪಶು ಆಸ್ಪತ್ರೆಗೆ ತಿಳಿಸಿ.

ಅಣ್ಣಾ, ನಾಯಿ ಚೆನ್ನಾಗಿದೆ ಅಂತ ಲಸಿಕೆ ನಿಲ್ಲಿಸಬೇಡಿ. ಅದು ಬೇರೆ, ಇದು ಬೇರೆ.

ಅನ್ನ ಹಾಕುವ ಅಕ್ಕ (ಬುಧವಾರ, ಮಧ್ಯಾಹ್ನ 2:25)

ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ನೋಡಿ ಇಲ್ಲೇ ಬರೆಯುತ್ತೇನೆ. ಇವತ್ತು ಬೆಳಿಗ್ಗೆ ಅನ್ನ ತಿಂದಿದೆ. ನೀರು ಕುಡಿದಿದೆ. ಯಾರೂ ಅದನ್ನು ಹೊಡೆಯಬೇಡಿ, ಓಡಿಸಬೇಡಿ, ಹತ್ತು ದಿನವಾದರೂ ಅದು ಅಲ್ಲೇ ಇರಬೇಕು.

ರಾಯಚೂರು ಜಿಲ್ಲೆಯವನು (ಗುರುವಾರ, ರಾತ್ರಿ 10:40)

ನಾನು ನಿಮ್ಮ ಊರಿನವನಲ್ಲ. ಮಾನ್ವಿ ಕಡೆಯ ಹಳ್ಳಿ. ಓದುತ್ತಾ ಓದುತ್ತಾ ನಮ್ಮ ಕಾಕಾ ನೆನಪಾದರು. ಈ ಮಾತನ್ನು ಮನೆಯ ಹೊರಗೆ ಎಲ್ಲೂ ಹೇಳಿರಲಿಲ್ಲ.

ಇಪ್ಪತ್ತು ವರ್ಷದ ಹಿಂದೆ. ಭತ್ತದ ಕೊಯ್ಲಿನ ದಿನ. ಹೊಲದಲ್ಲಿ ಒಂದು ನಾಯಿಮರಿ ಆಡುತ್ತಾ ಕಾಕಾನ ಕಾಲಿಗೆ ಹಲ್ಲು ತಾಗಿಸಿತು. ಕಚ್ಚಿತು ಅನ್ನುವಷ್ಟೂ ಇರಲಿಲ್ಲ, ಒಂದು ಗೀರು. ಪಕ್ಕದೂರಿನಲ್ಲಿ ನಾಯಿ ಕಡಿತಕ್ಕೆ ಮಂತ್ರಿಸುವವರು ಇದ್ದರು. ಅವರು ದಾರ ಕಟ್ಟಿ, ಬದನೆಕಾಯಿ ತಿನ್ನಬೇಡ ಅಂತ ಪಥ್ಯ ಹೇಳಿದರು. ಕಾಕಾ ಆ ಪಥ್ಯವನ್ನು ತಪ್ಪದೆ ಮಾಡಿದರು. ನಂಬಿಕೆಯ ಮನುಷ್ಯ.

ಎರಡು ತಿಂಗಳಿಗೆ ಕಾಲು ಜುಮ್ಮೆನ್ನುತ್ತದೆ ಅಂದರು. ಮೂರನೇ ದಿನ ಚೊಂಬಿನಲ್ಲಿ ನೀರು ಕೊಟ್ಟರೆ ಗಂಟಲು ಬಿಗಿದು ಚೊಂಬನ್ನೇ ಎಸೆದರು. ಬಾಯಾರಿಕೆ ಇತ್ತು. ನೀರು ಬೇಕಿತ್ತು. ಕುಡಿಯಲು ಆಗುತ್ತಿರಲಿಲ್ಲ. ಫ್ಯಾನಿನ ಗಾಳಿ ತಾಗಿದರೂ ಮೈ ಸೆಟೆಯುತ್ತಿತ್ತು. ಬುದ್ಧಿ ಪೂರ್ತಿ ಇತ್ತು. ಅದೇ ಎಲ್ಲಕ್ಕಿಂತ ಕಷ್ಟ. ಮಕ್ಕಳನ್ನು ಹತ್ತಿರ ಬಿಡಬೇಡಿ ಅಂತ ಅವರೇ ಹೇಳಿದರು. ಆಸ್ಪತ್ರೆಯಲ್ಲಿ ನೋಡಿ, ಲಕ್ಷಣ ಶುರುವಾದ ಮೇಲೆ ಔಷಧಿ ಇಲ್ಲ ಅಂದರು. ಮರುದಿನ ಸಂಜೆ ಹೋದರು. ನನಗೆ ಹದಿನಾರು ವರ್ಷ ಆಗ.

ಒಂದು ಸೋಪು, ಕೆಲವು ಇಂಜೆಕ್ಷನ್ನು. ಅಷ್ಟು ಸಾಕಿತ್ತು. ಮರಿ ಕಚ್ಚಿದರೂ, ಪರಚಿದರೂ, ಮನೆಯಲ್ಲಿ ಸಾಕಿದ್ದು ಕಚ್ಚಿದರೂ ಆಸ್ಪತ್ರೆಗೆ ಹೋಗಿ. ಇಷ್ಟು ಹೇಳುವುದಕ್ಕೇ ಬರೆದೆ.

ಇಂಜೆಕ್ಷನ್ ರೂಮಿನ ಸಿಸ್ಟರ್ (ಗುರುವಾರ, ರಾತ್ರಿ 11:02)

ನಿಮ್ಮ ಕಾಕಾನಿಗೆ ಹೀಗಾಗಬಾರದಿತ್ತು. ಮಂತ್ರ, ದಾರದಿಂದ ಗುಣವಾಯಿತು ಅನ್ನುವವರನ್ನು ಕಚ್ಚಿದ್ದು ರೇಬೀಸ್ ಇಲ್ಲದ ನಾಯಿ ಆಗಿರುತ್ತದೆ. ಆ ನಂಬಿಕೆ ಇನ್ನೊಬ್ಬರ ಜೀವ ತೆಗೆಯುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ 5,700ಕ್ಕೂ ಜಾಸ್ತಿ ಜನ ರೇಬೀಸ್‌ನಿಂದ ಸಾಯುತ್ತಾರೆ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ ಅಂದಾಜು ಮಾಡಿದೆ. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕಿದ್ದರೆ ಅವರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಉಳಿಯುತ್ತಿದ್ದರು.

ಹಳೇ ಬ್ರೂಸ್‌ಪೇಟೆ ಅಜ್ಜ (ಶುಕ್ರವಾರ, ಬೆಳಿಗ್ಗೆ 8:00)

ಮೊಮ್ಮಗ ಓದಿ ಹೇಳಿದ. ನಾನು ಹೇಳಿದ್ದನ್ನು ಅವನೇ ಬರೆಯುತ್ತಿದ್ದಾನೆ.

ನಮ್ಮದು ಮೈಲಾರಲಿಂಗನ ಒಕ್ಕಲು. ನಮ್ಮ ಮನೆಯಲ್ಲಿ ನಾಯಿಗೆ ಕಲ್ಲು ಹೊಡೆಯುವಂತಿಲ್ಲ. ಮೈಲಾರದಲ್ಲಿ ದೇವರ ಸೇವೆ ಮಾಡುವ ಗೊರವಯ್ಯಗಳು ದೋಣಿ ಸೇವೆಯಲ್ಲಿ ನಾಯಿ ಹಾಗೆ ಬೊಗಳುತ್ತಾ ದೋಣಿ ಅನ್ನುವ ಪಾತ್ರೆಯಲ್ಲಿ ಇಟ್ಟಿದ್ದನ್ನು ಬಾಯಿ ಹಾಕಿ ತಿನ್ನುತ್ತಾರೆ. ದೇವರ ನಾಯಿ ನಾವು ಅನ್ನುವ ಭಕ್ತಿ ಅದು. ಹಾಗಂತ ಹುಚ್ಚು ನಾಯಿಯನ್ನು ಊರೊಳಗೆ ಬಿಡಿ ಅಂತ ಯಾವ ಹಿರಿಯರೂ ಹೇಳಿಲ್ಲ.

ನಾನು ಸಣ್ಣವನಿದ್ದಾಗ ಸತ್ತ ದನವನ್ನು ಊರ ಹೊರಗೆ ಹಾಕಿದರೆ ಅರ್ಧ ದಿನದಲ್ಲಿ ರಣಹದ್ದುಗಳು ಬಂದು ಮೂಳೆ ಬಿಟ್ಟು ಎಲ್ಲಾ ಮುಗಿಸುತ್ತಿದ್ದವು. ಈಗ ಒಂದೂ ಕಾಣುವುದಿಲ್ಲ. ಆ ಅನ್ನ ಈಗ ನಾಯಿಗೆ.

ನಿವೃತ್ತ ಪಶು ವೈದ್ಯ (ಶುಕ್ರವಾರ, ಬೆಳಿಗ್ಗೆ 9:10)

ಅಜ್ಜನ ಮಾತು ಅಕ್ಷರಕ್ಕೆ ಅಕ್ಷರ ನಿಜ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ಅಷ್ಟರಲ್ಲಿ ಹೆಚ್ಚಿನವು ಹೋಗಿಬಿಟ್ಟಿದ್ದವು. ನಾನೂ ಆ ಔಷಧಿ ಬರೆದುಕೊಟ್ಟವನೇ. ಯಾರಿಗೂ ಗೊತ್ತಿರಲಿಲ್ಲ ಆಗ.

ಸರ್ಕಾರಿ ಶಾಲೆ ಟೀಚರ್ (ಶನಿವಾರ, ಮಧ್ಯಾಹ್ನ 1:15)

ಈ ಚರ್ಚೆ ಓದಿ ಇವತ್ತು ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಹತ್ತು ನಿಮಿಷ ಇದನ್ನೇ ಕಲಿಸಿದೆ. ನಾಯಿ ಗುರುಗುಟ್ಟಿದರೆ ಓಡಬೇಡಿ, ಕಂಬದ ಹಾಗೆ ನಿಲ್ಲಿ, ಕಣ್ಣಿಗೆ ಕಣ್ಣು ಕೊಟ್ಟು ನೋಡಬೇಡಿ, ನಿಧಾನಕ್ಕೆ ಹಿಂದೆ ಸರಿಯಿರಿ. ಬಿದ್ದುಬಿಟ್ಟರೆ ಮುದುರಿಕೊಂಡು ಕಿವಿ, ಕುತ್ತಿಗೆ ಮುಚ್ಚಿಕೊಳ್ಳಿ. ತಿನ್ನುತ್ತಿರುವ ನಾಯಿ, ಮಲಗಿದ ನಾಯಿ, ಮರಿ ಇರುವ ನಾಯಿ, ಈ ಮೂರರ ಹತ್ತಿರ ಹೋಗಲೇಬೇಡಿ. ಎಲ್ಲರೂ ಕಂಬದ ಹಾಗೆ ನಿಂತು ತೋರಿಸಿದರು.

ಆಮೇಲೆ, ಕಚ್ಚಿದ್ದನ್ನು ಮನೆಯಲ್ಲಿ ಹೇಳದವರು ಯಾರಾದರೂ ಇದ್ದೀರಾ ಅಂತ ಕೇಳಿದೆ. ಇಬ್ಬರು ಕೈ ಎತ್ತಿದರು. ಬೈಯುತ್ತಾರೆ ಅಂತ ಹೇಳಿರಲಿಲ್ಲವಂತೆ. ಒಬ್ಬನಿಗೆ ಪರಚಿದ್ದು ಹೋದ ವಾರ. ಅವನ ಅಮ್ಮನನ್ನು ಕರೆಸಿ ಜೊತೆಗೆ ನಾನೇ ಆಸ್ಪತ್ರೆಗೆ ಹೋಗಿ ಬಂದೆ. ಇನ್ನೊಬ್ಬಳದು ಹಳೆಯದು. ಆದರೂ ಲಸಿಕೆ ಶುರು ಮಾಡಿದರು, ತಡವಾಯಿತು ಅಂತ ಬಿಡುವ ಹಾಗಿಲ್ಲವಂತೆ. ಟೀಚರ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನಿಮ್ಮ ಕ್ಲಾಸಿನಲ್ಲೂ ಕೇಳಿ.

ಅನ್ನ ಹಾಕುವ ಅಕ್ಕ (ಮುಂದಿನ ಬುಧವಾರ, ರಾತ್ರಿ 8:30)

ಹತ್ತು ದಿನ ತುಂಬಿತು. ಚೆನ್ನಾಗಿದೆ. ತಿನ್ನುತ್ತಿದೆ, ಮರಿಗಳಿಗೆ ಹಾಲು ಕೊಡುತ್ತಿದೆ.

ಸತ್ಯನಾರಾಯಣಪೇಟೆಯ ಅಪ್ಪ (ಬುಧವಾರ, ರಾತ್ರಿ 8:33)

ಅಕ್ಕಾ, ಈ ಒಂದು ವಾರ ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ಸಾಲು ನೋಡಿಯೇ ನಾನು ಮುಖ ತೊಳೆಯುತ್ತಿದ್ದೆ. ಮೊದಲ ದಿನ ಸಿಟ್ಟು ಮಾಡಿದ್ದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಪಾರ್ವತಿನಗರ ನಿವಾಸಿ (ಬುಧವಾರ, ರಾತ್ರಿ 9:15)

ನಾನೂ ಜೋರಾಗಿ ಮಾತಾಡಿಬಿಟ್ಟೆ ಅಕ್ಕಾ. ಆದರೂ ಒಂದು ಮಾತು ಬಿಡುವುದಿಲ್ಲ. ಮನೆ ಬಾಗಿಲಲ್ಲಿ, ಮಕ್ಕಳು ಓಡಾಡುವ ಜಾಗದಲ್ಲಿ ಅನ್ನ ಹಾಕಬೇಡಿ.

ಅನ್ನ ಹಾಕುವ ಅಕ್ಕ (ಬುಧವಾರ, ರಾತ್ರಿ 9:20)

ಒಪ್ಪಿದೆ. ಗೋಡೌನ್ ಹಿಂದಿನ ಖಾಲಿ ಜಾಗಕ್ಕೆ ಬದಲಿಸಿದ್ದೇನೆ. ರಾತ್ರಿ ಒಂಬತ್ತರ ಮೇಲೆ, ತಿಂದಾದ ಮೇಲೆ ಎಲೆ ಎತ್ತಿಕೊಂಡು ಬರುತ್ತೇನೆ.

ಸತ್ಯನಾರಾಯಣಪೇಟೆಯ ಅಪ್ಪ (ಕೊನೆಯ ಲಸಿಕೆಯ ಸೋಮವಾರ, ಸಂಜೆ 6:40)

ಐದನೆಯದೂ ಆಯಿತು. ಗಾಯದ ಜಾಗದಲ್ಲಿ ಎರಡು ಸಣ್ಣ ಕಲೆ ಉಳಿದಿವೆ.

ಈ ನಾಲ್ಕು ವಾರದಲ್ಲಿ ಅಕ್ಕ, ನಾನು, ಹೊಲಿಗೆಯ ಅಣ್ಣ ಮೂವರೂ ಸೇರಿ ನಮ್ಮ ಆರು ಗಲ್ಲಿಯ ನಾಯಿಗಳನ್ನು ಪಟ್ಟಿ ಮಾಡಿದೆವು. ಬಣ್ಣ, ಗಂಡು ಹೆಣ್ಣು, ಕಿವಿ ಕತ್ತರಿಸಿದೆಯೋ ಇಲ್ಲವೋ, ಎಲ್ಲಿ ಮಲಗುತ್ತದೆ. ಒಟ್ಟು 43. ಕಿವಿ ಕತ್ತರಿಸಿದ್ದು 9. ಕತ್ತರಿಸದ ಹೆಣ್ಣು 17. ಡಾಕ್ಟ್ರು ಹೇಳಿದಂತೆ ಆ ಹದಿನೇಳನ್ನು ಮೊದಲು ಬರೆದು, ಫೋಟೊ ಹಚ್ಚಿ ಪಾಲಿಕೆಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡಿದ್ದೇವೆ. ಕೋಳಿ ಅಂಗಡಿಯ ಐವರೂ ಡ್ರಮ್ಮು ತಂದಿದ್ದಾರೆ. ರಾತ್ರಿ ಆ ಮೂಲೆಯಲ್ಲಿ ಈಗ ಮೂರೋ ನಾಲ್ಕೋ ನಾಯಿ ಇರುತ್ತವೆ ಅಂತ ಹೊಲಿಗೆಯ ಅಣ್ಣ ಹೇಳುತ್ತಾರೆ. ಮರಿಗಳಲ್ಲಿ ಎರಡನ್ನು ಸಿರುಗುಪ್ಪ ಕಡೆಯ ತಮ್ಮ ಹಟ್ಟಿ ಕಾಯಲು ಕೇಳಿದ್ದಾನೆ. ಹಾಲು ಬಿಟ್ಟ ಮೇಲೆ ಒಯ್ಯುತ್ತಾನೆ, ಮೂರು ತಿಂಗಳಿಗೆ ಲಸಿಕೆ ಹಾಕಿಸುವ ಮಾತಾಗಿದೆ.

ಮಗಳು ಮರಿ ನೋಡಬೇಕು ಅಂತಾಳೆ. ಗೇಟಿನ ಈಚೆ ನಿಂತು ನೋಡು ಅಂದಿದ್ದೇನೆ.

ಬಂಡಿಮೋಟಿನಿಂದ (ಸೋಮವಾರ, ರಾತ್ರಿ 9:05)

ಎಲ್ಲರಿಗೂ ನಮಸ್ಕಾರ. ಹುಡುಕುತ್ತಾ ಇಲ್ಲಿಗೆ ಬಂದೆ. ಈಗ ಅರ್ಧ ಗಂಟೆ ಆಯಿತು, ನಮ್ಮ ಅಣ್ಣನ ಮಗನಿಗೆ ಕೆನ್ನೆಗೆ ಕಚ್ಚಿದೆ. ಮನೆಯಲ್ಲಿ ಗಂಡಸರು ಯಾರೂ ಇಲ್ಲ. ಅತ್ತೆ ಖಾರದ ಪುಡಿ ಹಚ್ಚಬೇಕು ಅಂತಿದ್ದಾರೆ.

ಸತ್ಯನಾರಾಯಣಪೇಟೆಯ ಅಪ್ಪ (ಸೋಮವಾರ, ರಾತ್ರಿ 9:06)

ಏನೂ ಹಚ್ಚಬೇಡಿ ತಂಗಿ. ನಲ್ಲಿ ಬಿಟ್ಟು ಸೋಪು ಹಾಕಿ ತೊಳೆಯಲು ಶುರು ಮಾಡಿ, ಹದಿನೈದು ನಿಮಿಷ. ಕಣ್ಣಿಗೆ ಹೋಗದ ಹಾಗೆ. ಇವತ್ತು ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು, ಸೀರಮ್ ಬೇಕೇ ಬೇಕು, ಮುಖದ ಗಾಯ ಅದು. ಬಂಡಿಮೋಟಿನಲ್ಲಿ ಎಲ್ಲಿ? ನಾನು ಬೈಕ್ ತೆಗೆದಿದ್ದೇನೆ, ನೀವು ತೊಳೆದು ಮುಗಿಸುವಷ್ಟರಲ್ಲಿ ಬರುತ್ತೇನೆ.